ಸ್ಕೈರಿಮ್‌ನಲ್ಲಿ ಮನೆ ಕೊಳ್ಳುವ ಮುನ್ನ ಚಕ್ಕುಬಂದಿ ನೋಡಿ

ಹಗಲೆಲ್ಲ ಚಿಕ್ಕಬಳ್ಳಾಪುರದಲ್ಲಿ ಊರವರ ಮನೆ, ನಿವೇಶನಗಳ ಕ್ರಯಪತ್ರ ಬರೆಯುವುದು ನನ್ನ ಕಸುಬು. ರಾತ್ರಿ ಊಟ ಮುಗಿಸಿ ಕಂಪ್ಯೂಟರ್ ಆಟವಾದ ಸ್ಕೈರಿಮ್‌ನಲ್ಲಿ ಚಿನ್ನ ಎಣಿಸುವುದು ಹವ್ಯಾಸ. ಎರಡೂ ಗೊತ್ತಿರುವುದರಿಂದ ಅಕ್ಕನ ಮಗನೂ ಅವನ ಜೊತೆಗಾರರೂ ಆಟದಲ್ಲಿ ಕೈಗೆ ನಾಲ್ಕು ಕಾಸು ಬಂದ ಕೂಡಲೇ ನನ್ನ ಬಳಿ ಬರುತ್ತಾರೆ. “ಮಾವ, ಸಾಲಿಟ್ಯೂಡ್‌ನ ದೊಡ್ಡ ಮನೆಗೆ ಹಣ ಕೂಡಿಡಲೋ, ವೈಟ್‌ರನ್‌ನ ಸಣ್ಣದನ್ನೇ ಈಗ ತೆಗೆದುಕೊಂಡುಬಿಡಲೋ?” ಎಂಬುದು ಅವರ ಮಾಮೂಲಿ ಪ್ರಶ್ನೆ. ಕೋಣೆ ಎಷ್ಟು ಎಂದು ಎಣಿಸುವುದನ್ನು ಬಿಟ್ಟು ಚಕ್ಕುಬಂದಿ ನೋಡಿ ಎಂಬುದು ನನ್ನ ಮಾಮೂಲಿ ಉತ್ತರ. ಪೂರ್ವಕ್ಕೆ ಏನಿದೆ, ಪಶ್ಚಿಮಕ್ಕೆ ಯಾರಿದ್ದಾರೆ, ಬಾಗಿಲು ಯಾವ ದಾರಿಗೆ ತೆರೆಯುತ್ತದೆ ಎಂಬುದರ ಮೇಲೆ ಆಟದ ಮನೆಯ ಬೆಲೆ ನಿಂತಿದೆ.

ಯಾಕೆಂದರೆ ಈ ಆಟದಲ್ಲಿ ಯಾರೂ ಮನೆಯಲ್ಲಿ ವಾಸ ಮಾಡುವುದಿಲ್ಲ. ಗುಹೆ ಗವಿಗಳಲ್ಲಿ ಸಿಕ್ಕಿದ್ದನ್ನೆಲ್ಲ ಬಾಚಿಕೊಂಡು, ಹೊರಬಲ್ಲ 300 ತೂಕದ ಮಿತಿ ಮೀರಿ ಓಡಲೂ ಆಗದೆ, ಕಾಲೆಳೆದುಕೊಂಡು ಮನೆಗೆ ಬರುತ್ತೇವೆ. ಬಂದವರು ಮಾಡುವುದು ಐದೇ ಕೆಲಸ: ಪೆಟ್ಟಿಗೆಗೆ ತುಂಬುವುದು, ಕುಲುಮೆಯಲ್ಲಿ ಆಯುಧ ಹದ ಮಾಡುವುದು, ಅದಕ್ಕೆ ಮಂತ್ರಶಕ್ತಿ ತುಂಬುವುದು, ಬೇಡವಾದದ್ದನ್ನು ಮಾರುವುದು, ಮಲಗಿ ಏಳುವುದು. ಈ ಐದು ಕೆಲಸಗಳ ನಡುವೆ ಎಷ್ಟು ಬಾಗಿಲು ದಾಟಬೇಕು ಎಂಬುದೇ ಲೆಕ್ಕ. ಪ್ರತಿ ಬಾಗಿಲಿಗೂ, ಆಚೆಯ ಜಾಗ ತೆರೆದುಕೊಳ್ಳುವವರೆಗೆ ಕಾಯಿಸುವ, ಒಂದು ಲೋಡಿಂಗ್ ಪರದೆ. ಹೊಸ ಎಸ್‌ಎಸ್‌ಡಿ ಇರುವ ಯಂತ್ರದಲ್ಲಿ ಅದು ಕಣ್ಣು ಮಿಟುಕಿಸುವಷ್ಟು ಹೊತ್ತು. ಅಣ್ಣನಿಂದ ತಮ್ಮನಿಗೆ ಬಂದ, ಹಳೆಯ ಹಾರ್ಡ್‌ಡಿಸ್ಕ್‌ನ ಲ್ಯಾಪ್‌ಟಾಪಿನಲ್ಲಿ ಆಡುವ ಹುಡುಗರನ್ನು ಕೇಳಿ ನೋಡಿ. ಒಂದು ಬಾಗಿಲು ತೆರೆಯುವಷ್ಟರಲ್ಲಿ ಅಡುಗೆಮನೆಗೆ ಹೋಗಿ ನೀರು ಕುಡಿದು ಬರಬಹುದು. ಕರೆಂಟು ಹೋಗುವ ಮೊದಲು ಸೇವ್ ಆಗುತ್ತದೆಯೋ ಇಲ್ಲವೋ ಎಂಬ ಆತಂಕ ಬೇರೆ.

ಲೆಕ್ಕಕ್ಕೆ ಮೊದಲು ಮಾರಾಟಕ್ಕಿರುವುದೇನು ಎಂದು ನೋಡೋಣ. 2011ರ ನವೆಂಬರ್ 11ರಂದು ಬಂದ ಮೂಲ ಆಟದಲ್ಲಿ ಹಣ ಕೊಟ್ಟು ಕೊಳ್ಳಬಹುದಾದ ಮನೆಗಳು ಐದು, ಐದೂ ನಗರಗಳ ಒಳಗೆ. ವೈಟ್‌ರನ್‌ನ ಬ್ರೀಜ್‌ಹೋಮ್‌ಗೆ 5,000 ಚಿನ್ನ. ರಿಫ್ಟನ್‌ನ ಹನಿಸೈಡ್‌ಗೂ ಮಾರ್ಕಾರ್ತ್‌ನ ವ್ಲಿಂಡ್ರೆಲ್ ಹಾಲ್‌ಗೂ ತಲಾ 8,000. ವಿಂಡ್‌ಹೆಲ್ಮ್‌ನ ಹ್ಯೆರಿಮ್‌ಗೆ 12,000. ಸಾಲಿಟ್ಯೂಡ್‌ನ ಪ್ರೌಡ್‌ಸ್ಪೈರ್ ಮ್ಯಾನರ್‌ಗೆ 25,000. ಮರುವರ್ಷ, 2012ರಲ್ಲಿ, ಹಾರ್ತ್‌ಫೈರ್ ಎಂಬ ಹೆಚ್ಚುವರಿ ಭಾಗ ಬಂದು ತಲಾ 5,000ಕ್ಕೆ ಮೂರು ಖಾಲಿ ನಿವೇಶನಗಳನ್ನು ಸೇರಿಸಿತು. ಅಲ್ಲಿ ಮನೆಯನ್ನು ನಾವೇ ಕಟ್ಟಿಕೊಳ್ಳಬೇಕು. 2016ರ ಸ್ಪೆಷಲ್ ಎಡಿಷನ್ ಇದ್ದವರಿಗೆ ಅದು ಜೊತೆಗೇ ಸಿಗುತ್ತದೆ. ನಗದು ಇದ್ದ ಮಾತ್ರಕ್ಕೆ ಯಾವ ಮನೆಯೂ ಕೈಗೆ ಬರುವುದಿಲ್ಲ. ಆ ಸೀಮೆಯನ್ನು ಆಳುವ ಜಾರ್ಲ್‌ಗೆ ಯಾವುದಾದರೂ ಉಪಕಾರ ಮಾಡಿ ಅಪ್ಪಣೆ ಪಡೆಯಬೇಕು, ಆಮೇಲೆ ಅವನ ಕಾರ್ಯಸ್ಥನ ಹತ್ತಿರ ಹಣ ಕಟ್ಟಬೇಕು. ಋಣಭಾರ ಪತ್ರ ಬೇಡ, ಇ-ಖಾತೆ ಬೇಡ, ಸಾಕ್ಷಿಗಳ ಆಧಾರ್ ಪ್ರತಿ ಬೇಡ; ಹಣ ಎಣಿಸಿದ ಕ್ಷಣಕ್ಕೆ ಬೀಗದ ಕೈ ಚೀಲದೊಳಗೆ ಬಂದು ಬೀಳುತ್ತದೆ. ನನ್ನ ಕಸುಬಿನವರಿಗೆ ಆ ದೇಶದಲ್ಲಿ ಅನ್ನ ಹುಟ್ಟುವುದಿಲ್ಲ.

ಬ್ರೀಜ್‌ಹೋಮ್: ಸಣ್ಣ ಮನೆ, ದೊಡ್ಡ ಬೀದಿ

ವೈಟ್‌ರನ್‌ನ ಹೆಬ್ಬಾಗಿಲಿನಿಂದ ಒಳಗೆ ಬಂದರೆ ಬಲಗಡೆ ಮೊದಲು ಕಮ್ಮಾರಸಾಲೆ, ಅದರ ಮಗ್ಗುಲಲ್ಲೇ ಈ ಮನೆ. ಕುಲುಮೆ, ಸಾಣೆಕಲ್ಲು, ಅದಿರು ಕರಗಿಸುವ ಒಲೆ, ಚರ್ಮ ಹದ ಮಾಡುವ ಚೌಕಟ್ಟು ಎಲ್ಲವೂ ಅಲ್ಲಿ ಬಯಲಿನಲ್ಲೇ ಇವೆ. ಮನೆಯ ಪೆಟ್ಟಿಗೆಯಿಂದ ಕಬ್ಬಿಣ ತೆಗೆದು ಹೊರಬಂದರೆ ದಾಟಬೇಕಾದದ್ದು ಒಂದೇ ಬಾಗಿಲು. ಬೀದಿ ಹಿಡಿದು ಸ್ವಲ್ಪ ಮೇಲೆ ನಡೆದರೆ ಸಂತೆಯ ಚೌಕ. ಸಾಮಾನಿನ ಅಂಗಡಿ, ಮದ್ದಿನ ಅಂಗಡಿ, ಹೋಟೆಲು ಒಂದರ ಪಕ್ಕ ಒಂದು. ಮುಖ್ಯ ಕಥೆಯ ಮೊದಲ ಘಟ್ಟದಲ್ಲೇ ಕೊಳ್ಳಲು ಅಪ್ಪಣೆ ಸಿಗುತ್ತದೆ. ಜಾರ್ಲ್ ಥೇನ್ ಎಂಬ ಗೌರವ ಪದವಿ ಕೊಟ್ಟಾಗ ಲಿಡಿಯಾ ಎಂಬ ಅಂಗರಕ್ಷಕಿಯೂ ಜೊತೆಗೆ ಬರುತ್ತಾಳೆ. ಕಾರ್ಯಸ್ಥ ಪ್ರೊವೆಂಟಸ್‌ನ ಮಗಳೇ ಪಕ್ಕದ ಕಮ್ಮಾರಸಾಲೆ ನಡೆಸುವವಳು. ಮನೆ ಮಾರುವವನು ತಂದೆ, ಮನೆಗೆ ಬೇಕಾದ ಕಬ್ಬಿಣ ಮಾರುವವಳು ಮಗಳು. ವ್ಯವಹಾರ ಮನೆತನದೊಳಗೇ ಉಳಿಯುತ್ತದೆ.

ಇನ್ನು ಕೊರತೆಗಳು. ಮಂತ್ರ ತುಂಬುವ ಮೇಜು ಈ ಮನೆಯಲ್ಲಿ ಇಲ್ಲ, ಎಷ್ಟು ಹಣ ಸುರಿದರೂ ಬರುವುದಿಲ್ಲ. ಅದಕ್ಕಾಗಿ ಮೆಟ್ಟಿಲ ಸಾಲು ಹತ್ತಿ ಡ್ರ್ಯಾಗನ್ಸ್‌ರೀಚ್ ಅರಮನೆಯ ಮಾಂತ್ರಿಕನ ಕೋಣೆಗೆ ಹೋಗಬೇಕು. ರಕ್ಷಾಕವಚ ತೊಡಿಸಿ ನಿಲ್ಲಿಸುವ ಗೊಂಬೆಗಳಿಗೂ ಇಲ್ಲಿ ಜಾಗವಿಲ್ಲ. ಒಳಾಲಂಕಾರವೆಲ್ಲ ಸೇರಿ 1,800 ಚಿನ್ನದಲ್ಲಿ ಮುಗಿಯುತ್ತದೆ. ಐದರಲ್ಲಿ ಇಷ್ಟು ಅಗ್ಗದ್ದು ಇನ್ನೊಂದಿಲ್ಲ. ಹಾರ್ತ್‌ಫೈರ್ ಇದ್ದರೆ ಒಂದು ಕೋಣೆಯ ವಿಷಯದಲ್ಲಿ ತೀರ್ಮಾನಕ್ಕೆ ಬರಬೇಕು: ಅದು ಮದ್ದು ಅರೆಯುವ ಕೋಣೆಯಾಗಬಹುದು ಅಥವಾ ಮಕ್ಕಳ ಕೋಣೆಯಾಗಬಹುದು, ಎರಡೂ ಆಗದು. ನಾನು ಮಕ್ಕಳ ಪರ. ಮದ್ದಿನ ಅಂಗಡಿಯಲ್ಲಿ ಅರೆಯುವ ಮೇಜು ಹೇಗೂ ಇದೆ. ಸಂತೆಯಾಚೆಯ ಒಣಮರದ ಕೆಳಗೆ ಕೈಚಾಚುವ ಲೂಸಿಯಾ ಎಂಬ ಹುಡುಗಿಗೆ ಇರುವುದು ನಿಮ್ಮ ಮನೆಯೊಂದೇ.

ಮೊದಲ ಮನೆ ಯಾವುದು ಎಂದು ಕೇಳಿದರೆ ನಾನು ಯೋಚಿಸದೆ ಹೇಳುವುದು ಇದನ್ನೇ. ಈ ಮನೆ ಕೊಂಡವರು ಮುಂದೆ ಎಷ್ಟು ದೊಡ್ಡ ಮನೆ ಕೊಂಡರೂ ಇದರ ಪೆಟ್ಟಿಗೆಗಳನ್ನು ಖಾಲಿ ಮಾಡುವುದಿಲ್ಲ.

ಪ್ರೌಡ್‌ಸ್ಪೈರ್: ದುಡ್ಡಿಗೆ ತಕ್ಕ ನಡಿಗೆ

ಹುಡುಗರ ಕಣ್ಣೆಲ್ಲ ಇದರ ಮೇಲೆ. ಅಂತಸ್ತಿನ ಮೇಲೆ ಅಂತಸ್ತು, ಕಲ್ಲಿನ ಕಟ್ಟಡ, ಎದುರಿಗೆ ಗಾಯಕರ ವಿದ್ಯಾಲಯ, ನೆರೆಹೊರೆಯೆಲ್ಲ ದೊಡ್ಡ ಕುಳಗಳು. ಮನೆಗೆ 25,000 ಕೊಟ್ಟ ಮೇಲೆ ಒಳಾಲಂಕಾರಕ್ಕೆ ಇನ್ನೂ ಹತ್ತು ಸಾವಿರ ದಾಟುತ್ತದೆ. ಮದ್ದಿನ ಮೇಜು, ಮಂತ್ರದ ಮೇಜು, ಗೊಂಬೆ, ಆಯುಧ ತೂಗುಹಾಕುವ ಫಲಕ ಯಾವುದಕ್ಕೂ ಕೊರತೆಯಿಲ್ಲ.

ಈಗ ಚಕ್ಕುಬಂದಿಗೆ ಬನ್ನಿ. ಸಾಲಿಟ್ಯೂಡ್‌ನ ಅಂಗಡಿಗಳು ಇರುವುದು ಹೆಬ್ಬಾಗಿಲ ಬಳಿ. ಈ ಮನೆ ಇರುವುದು ಬೀದಿಯ ಆ ತುದಿಯಲ್ಲಿ, ಅರಮನೆಯ ಕಡೆ. ಕಮ್ಮಾರನೋ ಇಳಿಜಾರು ಹತ್ತಿ ಕೋಟೆಯ ಮಗ್ಗುಲಲ್ಲಿದ್ದಾನೆ. ಭಾರ ಹೊತ್ತು ಫಾಸ್ಟ್ ಟ್ರಾವೆಲ್ (ನಕ್ಷೆ ಒತ್ತಿ ನೇರ ಊರಿಗೆ ಜಿಗಿಯುವುದು) ಮಾಡಲಾಗದೆ ಬಂದ ದಿನ ಹೆಬ್ಬಾಗಿಲಿನಿಂದ ಮನೆಯವರೆಗೆ ಕಾಲೆಳೆಯುವುದಿದೆಯಲ್ಲ, ಆಗ ನೆರೆಯವರ ಅಂತಸ್ತು ಕೆಲಸಕ್ಕೆ ಬರುವುದಿಲ್ಲ. ಮನೆಯೊಳಗೂ ಅಷ್ಟೇ: ಪೆಟ್ಟಿಗೆ ಒಂದು ಮಹಡಿಯಲ್ಲಿ, ಮೇಜು ಇನ್ನೊಂದರಲ್ಲಿ, ಹಾಸಿಗೆ ಮತ್ತೊಂದರಲ್ಲಿ. ಮೆಟ್ಟಿಲು ಹತ್ತಿಳಿಯುವುದೇ ಕೆಲಸವಾಗುತ್ತದೆ. ಆಟದ ಕೊನೆಯ ಹಂತದಲ್ಲಿ ಚಿನ್ನ ಕೊಳೆಯುವಷ್ಟು ಬಿದ್ದಿದ್ದು, ಸಂಗ್ರಹಿಸಿದ ಕವಚ-ಖಡ್ಗಗಳನ್ನು ಪ್ರದರ್ಶನಕ್ಕೆ ಇಡಬೇಕು ಎನ್ನುವವರು ಧಾರಾಳವಾಗಿ ಕೊಳ್ಳಲಿ. ಇದಕ್ಕಾಗಿಯೇ ಹಣ ಕೂಡಿಡುತ್ತ ಅಲ್ಲಿಯವರೆಗೆ ಮನೆಯಿಲ್ಲದೆ ಅಲೆಯುವುದು ಮಾತ್ರ ಬೇಡ. ಕೈಯಲ್ಲಿರುವುದನ್ನು ಇಡಲು ಜಾಗವಿಲ್ಲದೆ ಒಳ್ಳೆಯ ಸಾಮಾನನ್ನೂ ಅಂಗಡಿಯವನು ಕೊಟ್ಟ ಬೆಲೆಗೆ ಮಾರಿಬಿಡುತ್ತೀರಿ.

ಹನಿಸೈಡ್: ಹಿಂಬಾಗಿಲು ಇರುವ ಮನೆ

ರಿಫ್ಟನ್ ನೋಡಿದ ಕೂಡಲೇ ಮನಸ್ಸಿಗೆ ಹಿಡಿಸುವ ಊರಲ್ಲ. ಪಾಚಿ ಕಟ್ಟಿದ ಕಾಲುವೆ, ಹೆಬ್ಬಾಗಿಲಲ್ಲೇ ಲಂಚ ಕೇಳುವ ಕಾವಲುಗಾರ, ನೆಲದಡಿಯಲ್ಲಿ ಕಳ್ಳರ ಸಂಘ. ಆದರೂ ಐದು ಮನೆಗಳಲ್ಲಿ ಚಕ್ಕುಬಂದಿಯ ದೃಷ್ಟಿಯಿಂದ ಚತುರವಾದದ್ದು ಇಲ್ಲಿಯ ಮನೆಯೇ. ಇದಕ್ಕೆ ಎರಡು ಬಾಗಿಲು. ಮುಂಬಾಗಿಲು ಪೇಟೆಗೆ ತೆರೆಯುತ್ತದೆ. ಹಿಂಬಾಗಿಲು ಕೋಟೆಗೋಡೆಯ ಹೊರಗೆ, ಕೆರೆಯ ಮೇಲಿನ ಮರದ ಜಗಲಿಗೆ ತೆರೆಯುತ್ತದೆ. ಹೊರಗಿನಿಂದ ಬಂದವರು ಕಾವಲುಗಾರನ ಮುಖ ನೋಡದೆ ಮನೆ ಸೇರಬಹುದು. ಒಳಗೆ ಏನಾದರೂ ಅವಾಂತರ ಮಾಡಿಕೊಂಡವರು ಹಾಗೆಯೇ ಹೊರಬೀಳಬಹುದು. ನೆಲಮಾಳಿಗೆಯಲ್ಲಿ ಮದ್ದಿನ ಮೇಜಿಗೂ ಮಂತ್ರದ ಮೇಜಿಗೂ ಜಾಗವಿದೆ, ಹೊರಗೆ ಪುಟ್ಟದೊಂದು ಕೈತೋಟ. ಸಂತೆಯ ಚೌಕದಲ್ಲಿ ಬಲಿಮುಂಡ್ ಎಂಬ ಕಮ್ಮಾರನ ಕುಲುಮೆ.

ಕಳ್ಳನ ಪಾತ್ರ ಕಟ್ಟಿಕೊಂಡವರಿಗೆ ಬೇರೆ ಮನೆಯ ಯೋಚನೆಯೇ ಬೇಡ. ಕದ್ದ ಮಾಲನ್ನು ಸಾಮಾನ್ಯ ಅಂಗಡಿಯವರು ಮುಟ್ಟುವುದಿಲ್ಲ. ಅದನ್ನು ಕೊಳ್ಳುವ ಟೊನಿಲಿಯಾ ಇದೇ ಊರಿನ ಚರಂಡಿಯ ದಾರಿಯಲ್ಲಿ ಕುಳಿತಿದ್ದಾಳೆ. ಮದುವೆ ಮಾಡಿಸುವ ಮಾರಾ ದೇವಿಯ ಗುಡಿಯೂ ಈ ಊರಿನಲ್ಲೇ, ಮಕ್ಕಳನ್ನು ದತ್ತು ಕೊಡುವ ಅನಾಥಾಲಯವೂ ಈ ಊರಿನಲ್ಲೇ. ಕಳ್ಳತನ, ಮದುವೆ, ಮಕ್ಕಳು ಮೂರನ್ನೂ ಒಂದೇ ಪೇಟೆಯಲ್ಲಿ ಮುಗಿಸಿಕೊಳ್ಳುವ ಅನುಕೂಲ ಬೇರೆಲ್ಲೂ ಇಲ್ಲ. ಇರುವ ತೊಡಕು ಒಂದೇ: ರಿಫ್ಟನ್ ನಕ್ಷೆಯ ಆಗ್ನೇಯ ಮೂಲೆಯಲ್ಲಿದೆ, ಮೊದಮೊದಲಿಗೆ ಕೆಲಸಗಳೆಲ್ಲ ವೈಟ್‌ರನ್ ಸುತ್ತಮುತ್ತ ಇರುತ್ತವೆ. ಎರಡನೆಯ ಮನೆಯಾಗಿ ಕೊಳ್ಳಿ.

ಮಾರ್ಕಾರ್ತ್, ವಿಂಡ್‌ಹೆಲ್ಮ್

ಮಾರ್ಕಾರ್ತ್‌ನ ವ್ಲಿಂಡ್ರೆಲ್ ಹಾಲ್ ಬಂಡೆಯೊಳಗೆ ಕೊರೆದ ಮನೆ. ಒಳಗೆ ಮಹಡಿಯಿಲ್ಲ, ಎರಡೂ ಮೇಜುಗಳು ಬರುತ್ತವೆ, ಹಾಸಿಗೆಯೂ ಕಲ್ಲಿನದೇ. ಆದರೆ ಬಾಗಿಲಿರುವುದು ಮೆಟ್ಟಿಲುಗಳ ಮೇಲೆ ಎತ್ತರದಲ್ಲಿ, ಕಮ್ಮಾರ ಕೆಳಗೆ ಹೊಳೆಯ ಪಕ್ಕ. ಹಳೆಯ ಡ್ವಾರ್ಫ್ ಕಟ್ಟಡಗಳ ಚೆಲುವಿಗೆ ಮನಸೋತವರಿಗೆ ಸರಿ; ಉಳಿದವರು 8,000ವನ್ನು ರಿಫ್ಟನ್‌ನಲ್ಲೇ ಹಾಕುವುದು ಲೇಸು.

ವಿಂಡ್‌ಹೆಲ್ಮ್‌ನ ಹ್ಯೆರಿಮ್ ಕೊಲೆ ನಡೆದ ಮನೆ. ಕೊಳ್ಳುವ ದಾರಿಯೇ ಅಂತರ್ಯುದ್ಧದೊಂದಿಗೂ ಒಂದು ಸರಣಿ ಕೊಲೆಯ ತನಿಖೆಯೊಂದಿಗೂ ತಳುಕು ಹಾಕಿಕೊಂಡಿದೆ. ಕೊಂಡ ಮೇಲೆ ಕಾರ್ಯಸ್ಥನ ಪಟ್ಟಿಯಲ್ಲಿ ಕೊಲೆಗಾರ ಬಿಟ್ಟುಹೋದ ಗಲೀಜು ತೊಳೆಸಲು 500 ಚಿನ್ನ ಎಂಬ ಬಾಬತ್ತು ಕಾಣುತ್ತದೆ. ಇಂಥ ಮನೆಯ ಬೆಲೆ ನಮ್ಮ ಕಡೆ ಅರ್ಧಕ್ಕೆ ಇಳಿಯುತ್ತಿತ್ತು. ಅಲ್ಲಿ 12,000ದಲ್ಲಿ ಒಂದು ಕಾಸೂ ಬಿಡುವುದಿಲ್ಲ. ತೊಳೆಸಿದ ಮೇಲೆ ಮಾತ್ರ ಮನೆ ನಿಜಕ್ಕೂ ವಿಶಾಲ. ಕಪಾಟಿನ ಹಿಂದಿನ ಗುಪ್ತಕೋಣೆಯಲ್ಲಿ ಮಂತ್ರದ ಮೇಜು ಇಡಿಸಿಕೊಳ್ಳುವುದು ನನಗೆ ಇಷ್ಟವಾದ ಏರ್ಪಾಡು. ತೊಂದರೆಯೆಂದರೆ ಆ ತನಿಖೆಯ ಕ್ವೆಸ್ಟ್ (ಆಟ ನಮಗೆ ಒಪ್ಪಿಸುವ ಕೆಲಸ) ದೋಷಗಳಿಗೆ ಹೆಸರಾದದ್ದು, ಕೆಲವರಿಗೆ ಅರ್ಧದಲ್ಲೇ ನಿಂತುಬಿಡುತ್ತದೆ. ಶುರು ಮಾಡುವ ಮೊದಲು ಬೇರೆಯದೇ ಒಂದು ಸೇವ್ ಇಟ್ಟುಕೊಳ್ಳಿ.

ನಿವೇಶನ ಕೊಂಡು ಕಟ್ಟುವುದಾದರೆ

ನಂದಿ ಬೆಟ್ಟದ ತಪ್ಪಲಿನಲ್ಲಿ ನಿವೇಶನ ಮಾರುವವರು ಜಾಗಕ್ಕಿಂತ ಹೆಚ್ಚಾಗಿ ನೋಟವನ್ನು ಮಾರುತ್ತಾರೆ. ಹಾರ್ತ್‌ಫೈರ್‌ನ ಮೂರೂ ನಿವೇಶನಗಳಲ್ಲಿ ನೋಟಕ್ಕೆ ಬೇರೆ ದರ ಇಲ್ಲ. ಫಾಕ್‌ರೀತ್ ಸೀಮೆಯ ಲೇಕ್‌ವ್ಯೂ ಪೈನ್ ಕಾಡಿನ ದಿಣ್ಣೆಯ ಮೇಲಿದೆ, ಕೆಳಗೆ ಇಲಿನಾಲ್ಟಾ ಸರೋವರ. ಮಾರ್ಥಲ್ ಕಡೆಯ ವಿಂಡ್‌ಸ್ಟ್ಯಾಡ್ ಉತ್ತರದ ಉಪ್ಪುಜೌಗಿನಲ್ಲಿದೆ. ಡಾನ್‌ಸ್ಟಾರ್ ಸೀಮೆಯ ಹೆಲ್ಯಾರ್ಕನ್ ಹಿಮದ ಅಂಚಿನಲ್ಲಿ ನಿಂತು ದಕ್ಷಿಣಕ್ಕೆ ವೈಟ್‌ರನ್ ಬಯಲನ್ನು ನೋಡುತ್ತದೆ. ಒಂದೊಂದಕ್ಕೂ ಒಂದೊಂದು ವಿಶೇಷ: ಲೇಕ್‌ವ್ಯೂನಲ್ಲಿ ಜೇನುಗೂಡು, ವಿಂಡ್‌ಸ್ಟ್ಯಾಡ್‌ನಲ್ಲಿ ಮೀನು ಸಾಕುವ ಕೊಳ, ಹೆಲ್ಯಾರ್ಕನ್‌ನಲ್ಲಿ ಧಾನ್ಯ ಬೀಸುವ ಗಿರಣಿ.

ಇವುಗಳ ಚಕ್ಕುಬಂದಿಯಲ್ಲಿ ನೆರೆಹೊರೆ ಎಂಬುದೇ ಇಲ್ಲ. ಅಂಗಡಿಯಿಲ್ಲ, ಸಂತೆಯಿಲ್ಲ. ಹಾಗಿದ್ದೂ ಹಳೆಯ ಲ್ಯಾಪ್‌ಟಾಪಿನವರಿಗೆ ನಾನು ಇದನ್ನೇ ಹೇಳುವುದಕ್ಕೆ ಕಾರಣವಿದೆ. ನಕ್ಷೆಯಲ್ಲಿ ಮನೆಯ ಗುರುತನ್ನೇ ಒತ್ತಿ ಅಂಗಳಕ್ಕೆ ಬಂದು ಇಳಿಯಬಹುದು. ನಗರದ ಹೆಬ್ಬಾಗಿಲು, ಬೀದಿ ಯಾವುದೂ ಅಡ್ಡ ಬರುವುದಿಲ್ಲ. ಕಮ್ಮಾರಿಕೆಯ ಸಲಕರಣೆಗಳನ್ನು ಅಂಗಳದಲ್ಲೂ ನೆಲಮಾಳಿಗೆಯಲ್ಲೂ ಜೋಡಿಸಿಕೊಳ್ಳಬಹುದು. ಮಾರುವ ಕೆಲಸವೊಂದನ್ನು ಬಿಟ್ಟರೆ ಉಳಿದ ನಾಲ್ಕೂ ಒಂದೇ ಹೊಸಿಲಿನ ಆಚೀಚೆ ಮುಗಿಯುತ್ತವೆ.

ಕಟ್ಟುವ ಕೆಲಸಕ್ಕೆ ಮಾತ್ರ ತಾಳ್ಮೆ ಬೇಕು. ನಿವೇಶನದಲ್ಲಿ ನಕ್ಷೆ ಬಿಡಿಸುವ ಮೇಜು, ಬಡಗಿಯ ಮೇಜು, ಕಮ್ಮಾರನ ಅಡಿಗಲ್ಲು, ಒಂದಿಷ್ಟು ಸಾಮಗ್ರಿ ತುಂಬಿದ ಪೆಟ್ಟಿಗೆ ಇರುತ್ತವೆ. ಕಲ್ಲು ಮತ್ತು ಜೇಡಿಮಣ್ಣು ಪಕ್ಕದಲ್ಲೇ ಅಗೆದಷ್ಟೂ ಸಿಗುತ್ತವೆ, ಗುದ್ದಲಿ ಹಿಡಿದು ನಿಂತರೆ ಸಾಕು. ಕೊಯ್ದ ಮರ 20 ದಿಮ್ಮಿಗೆ 200 ಚಿನ್ನದಂತೆ ಮರದ ಮಿಲ್ಲಿನಲ್ಲಿ ಸಿಗುತ್ತದೆ. ಮೇಸ್ತ್ರಿಯ ಕಾಟ ಇಲ್ಲ, ಎಂ-ಸ್ಯಾಂಡ್ ಲೋಡಿಗೆ ಕಾಯುವುದಿಲ್ಲ. ಎಲ್ಲರೂ ಮುಗ್ಗರಿಸುವುದು ಕಬ್ಬಿಣದಲ್ಲಿ. ಮೊಳೆ, ಬಿಜಾಗರಿ, ಬೀಗ, ಪಟ್ಟಿ ಯಾವುದಕ್ಕೂ ಕಬ್ಬಿಣದ ಗಟ್ಟಿಯೇ ಬೇಕು. ಒಂದು ಗಟ್ಟಿಗೆ ಹತ್ತು ಮೊಳೆ ಬರುತ್ತವೆ, ಒಂದು ಕೋಣೆಯ ಕುರ್ಚಿ-ಕಪಾಟು ಮುಗಿಸುವಷ್ಟರಲ್ಲಿ ಆ ಹತ್ತು ಎಲ್ಲಿ ಹೋದವೋ ತಿಳಿಯುವುದಿಲ್ಲ. ಆದ್ದರಿಂದ ನಿವೇಶನ ಕೊಳ್ಳುವ ಎಷ್ಟೋ ಮೊದಲೇ ಕಮ್ಮಾರರ ಬಳಿ ಕಂಡ ಕಬ್ಬಿಣದ ಗಟ್ಟಿಗಳನ್ನು ಕೊಂಡು ಇಡುತ್ತ ಬನ್ನಿ. ರಿವರ್‌ವುಡ್ ಹಳ್ಳಿಯ ಹತ್ತಿರದ ಎಂಬರ್‌ಶಾರ್ಡ್ ಗಣಿಯ ಅದಿರನ್ನೂ ಬಿಡಬೇಡಿ. ಇಡುವುದೆಲ್ಲಿ ಎಂದರೆ, ಬ್ರೀಜ್‌ಹೋಮ್‌ನಲ್ಲಿ.

ಮೊದಲು ಸಣ್ಣ ಮನೆ, ಅದರ ಹಿಂದೆ ದೊಡ್ಡ ಹಜಾರ, ಆಮೇಲೆ ಮೂರು ದಿಕ್ಕಿಗೆ ಮೂರು ಪಾರ್ಶ್ವಗಳು. ಪ್ರತಿ ದಿಕ್ಕಿಗೂ ಮೂರು ಆಯ್ಕೆ, ಕಟ್ಟುವುದು ಒಂದನ್ನೇ, ಕಟ್ಟಿದ ಮೇಲೆ ಬದಲಿಸಲಾಗದು. ಪೂರ್ವಕ್ಕೆ ಅಡುಗೆಮನೆ, ಗ್ರಂಥಾಲಯ ಅಥವಾ ಆಯುಧಶಾಲೆ. ಪಶ್ಚಿಮಕ್ಕೆ ಗಿಡ ಬೆಳೆಸುವ ಗಾಜಿನ ಮನೆ, ಮಲಗುವ ಕೋಣೆಗಳು ಅಥವಾ ಮಂತ್ರದ ಗೋಪುರ. ಉತ್ತರಕ್ಕೆ ಉಗ್ರಾಣ, ಬೇಟೆಯ ಗುರುತುಗಳ ಕೋಣೆ ಅಥವಾ ಮದ್ದಿನ ಕೋಣೆ. ಅಡುಗೆಮನೆಗೆ ಆಗ್ನೇಯ ಮೂಲೆ ಕೇಳುವ ವಾಸ್ತುಪ್ರಿಯರು ಪೂರ್ವದಲ್ಲೇ ತೃಪ್ತರಾಗಬೇಕು.

ಮದ್ದು ಅರೆದು ಮಾರಿ ಹಣ ಮಾಡುವವರು ಗಾಜಿನ ಮನೆ ಮತ್ತು ಮದ್ದಿನ ಕೋಣೆ ಕಟ್ಟಲಿ. ಬೆಳೆದದ್ದನ್ನು ಕೊಯ್ದು ಒಳಗೇ ಅರೆಯಬಹುದು. ಕತ್ತಿ ಹಿಡಿದವರಿಗೆ ಆಯುಧಶಾಲೆ, ಮಂತ್ರದ ಗೋಪುರ, ಉಗ್ರಾಣ. ಸಂಸಾರಸ್ಥರು ಪಶ್ಚಿಮದಲ್ಲಿ ಮಲಗುವ ಕೋಣೆ ಹಾಕಿಸಿಕೊಳ್ಳಲಿ. ಬೇಟೆಯ ಗುರುತುಗಳ ಕೋಣೆ ನನ್ನ ಮನಸ್ಸಿಗೆ ಬರಲಿಲ್ಲ. ಕರಡಿಯ ಬೊಂಬೆ ನಿಲ್ಲಿಸಲು ಇಷ್ಟು ಮೊಳೆ ಯಾಕೆ ಸುರಿಯಬೇಕು? ಸಾಮಗ್ರಿ ಹೊಂದಿಸಲು ಬೇಸರವಾದರೆ, ಆಟದಲ್ಲಿ ನಿಮ್ಮ ಜೊತೆ ತಿರುಗುವ ಹಿಂಬಾಲಕರಲ್ಲಿ ಒಬ್ಬರನ್ನು ಮನೆಯ ಕಾರ್ಯಸ್ಥರನ್ನಾಗಿ ನೇಮಿಸಿ. ಹಣ ಕೊಟ್ಟರೆ ಕೋಣೆಗಳ ಪೀಠೋಪಕರಣವನ್ನು ಅವರೇ ಮಾಡಿಸುತ್ತಾರೆ. ಹಾಡುಗಾರನನ್ನೂ ಗಾಡಿಯವನನ್ನೂ ಅವರ ಮೂಲಕವೇ ಇಟ್ಟುಕೊಳ್ಳಬಹುದು. ಹಾಡುಗಾರ ಮಾತ್ರ ಬೇಡ. ನಾಲ್ಕು ಹಾಡುಗಳನ್ನೇ ತಿರುಗಿಸಿ ತಿರುಗಿಸಿ ಹಾಡುತ್ತಾನೆ, ಸುಮ್ಮನಿರಿಸುವ ದಾರಿಯಿಲ್ಲ.

ಊರ ಹೊರಗಿನ ಮನೆಯ ತಾಪತ್ರಯಗಳೂ ಇವೆ. ಕಳ್ಳರು, ತೋಳಗಳು, ಒಮ್ಮೊಮ್ಮೆ ದೈತ್ಯನೇ ಅಂಗಳಕ್ಕೆ ನುಗ್ಗುತ್ತಾನೆ. ಹೆಂಡತಿ ಮಕ್ಕಳು ಒಳಗಿರುವಾಗ ಅಂಗಳದಲ್ಲಿ ದೈತ್ಯನ ಗದೆ ಬೀಸುವ ಸದ್ದು ಕೇಳಿದರೆ ಸರೋವರದ ನೋಟ ಮರೆತುಹೋಗುತ್ತದೆ. ಮೂರರಲ್ಲಿ ಒಂದನ್ನೇ ಆರಿಸಬೇಕಾದರೆ ನನ್ನ ಆಯ್ಕೆ ಲೇಕ್‌ವ್ಯೂ. ಮರದ ಮಿಲ್ಲಿರುವ ರಿವರ್‌ವುಡ್, ಫಾಕ್‌ರೀತ್ ಎರಡೂ ಅದಕ್ಕೆ ಹತ್ತಿರ.

ಒಳಗೆ ಜೋಡಿಸುವ ಕೆಲಸ

ಕಾರ್ಯಸ್ಥನ ಪಟ್ಟಿಯಿಂದ ಕೊಂಡದ್ದು ತನ್ನ ಜಾಗದಲ್ಲಿ ತಾನೇ ಬಂದು ಕೂರುತ್ತದೆ. ನಿಜವಾದ ಅಲಂಕಾರ ಶುರುವಾಗುವುದು ನಾವೇ ತಂದದ್ದನ್ನು ಇಡುವಾಗ, ಅಲ್ಲಿ ಈ ಆಟ ಮನುಷ್ಯನ ಸಹನೆಯನ್ನು ಅರೆದು ನೋಡುತ್ತದೆ. ಊಟದ ಮೇಜನ್ನೇ ತೆಗೆದುಕೊಳ್ಳಿ. ಚೀಲದಿಂದ ಒಂದು ಬೆಳ್ಳಿ ತಟ್ಟೆ ಕೆಳಗೆ ಹಾಕಿದರೆ ಕಾಲಬುಡದಲ್ಲಿ ಬೀಳುತ್ತದೆ. ಕಂಪ್ಯೂಟರಿನಲ್ಲಾದರೆ ‘ಇ’ ಕೀಲಿಯನ್ನು ಒತ್ತಿ ಹಿಡಿದು ಅದನ್ನು ಗಾಳಿಯಲ್ಲಿ ಎತ್ತಿ, ಮೇಜಿನ ಮೇಲಕ್ಕೆ ತಂದು, ಅಂಚು ತಾಗದ ಹಾಗೆ ಇಳಿಸಿ ಬಿಡಬೇಕು. ಬಿಡುವಾಗ ಮೌಸ್ ಒಂದಿಷ್ಟು ಅಲುಗಿದರೂ ತಟ್ಟೆ ಜಾರಿ ಬಟ್ಟಲಿಗೆ ತಾಗುತ್ತದೆ, ಬಟ್ಟಲು ಉರುಳಿ ಗಿಣ್ಣಿನ ಚಕ್ರವನ್ನು ತಳ್ಳುತ್ತದೆ, ಆ ಚಕ್ರ ಮೆಟ್ಟಿಲವರೆಗೂ ಉರುಳಿ ಹೋಗುತ್ತದೆ. ಆದ್ದರಿಂದ ಅಗಲವಾದದ್ದು ಮೊದಲು, ಉರುಟಾದದ್ದು ಕೊನೆಗೆ. ಇಡಬೇಕಾದದ್ದನ್ನೆಲ್ಲ ಒಮ್ಮೆ ನೆಲಕ್ಕೆ ಹಾಕಿ, ಮನೆಯಿಂದ ಹೊರಗೆ ಹೋಗಿ ಮತ್ತೆ ಒಳಬಂದು, ಆಮೇಲೆ ಜೋಡಿಸಿ. ಹಾಗೆ ಮಾಡಿದರೆ ಮುಂದಿನ ಸಲ ಬಂದಾಗ ಸಾಮಾನು ಜಾಗ ಬಿಟ್ಟು ಕದಲುವುದು ಕಡಿಮೆ.

ಹೊಸ ಗ್ರಾಫಿಕ್ಸ್ ಕಾರ್ಡ್ ಇರುವವರಿಗೆ ಇನ್ನೊಂದು ಎಚ್ಚರಿಕೆ. ಈ ಆಟದಲ್ಲಿ ವಸ್ತುಗಳ ಚಲನೆಯ ಲೆಕ್ಕ ಫ್ರೇಮ್ ದರಕ್ಕೆ, ಅಂದರೆ ಪರದೆಯ ಮೇಲೆ ಸೆಕೆಂಡಿಗೆ ಮೂಡುವ ಚಿತ್ರಗಳ ಸಂಖ್ಯೆಗೆ, ಅಂಟಿಕೊಂಡಿದೆ. ಸೆಕೆಂಡಿಗೆ 60 ಫ್ರೇಮ್ ದಾಟಲು ಬಿಟ್ಟರೆ ಮನೆಯೊಳಗೆ ಕಾಲಿಟ್ಟ ಕ್ಷಣ ಮೇಜಿನ ಮೇಲಿನ ತಟ್ಟೆ ಬಟ್ಟಲೆಲ್ಲ ತಾವಾಗಿಯೇ ಹಾರುತ್ತವೆ. ದರವನ್ನು 60ಕ್ಕೆ ಕಟ್ಟಿಹಾಕಿ. ಹಿಂಬಾಲಕರನ್ನು ಮನೆಯೊಳಗೆ ಅಡ್ಡಾಡಲು ಬಿಡಬೇಡಿ. ಎದುರಿಗಿದ್ದದ್ದನ್ನು ಹಾರಿಸುವ ಮಂತ್ರಗರ್ಜನೆಯ ಅಭ್ಯಾಸಕ್ಕೆ ಊಟದ ಮೇಜಿನ ಎದುರು ನಿಲ್ಲಬೇಡಿ.

ಇಷ್ಟು ಕಷ್ಟ ಬೇಡ ಎನ್ನುವವರು ಕಪಾಟು, ಫಲಕ, ಗೊಂಬೆಗಳಿಗೆ ಸೀಮಿತವಾಗುವುದು ಒಳ್ಳೆಯದು. ಪುಸ್ತಕದ ಕಪಾಟಿಗೆ ಪುಸ್ತಕ ಹಾಕಿದರೆ ಅದೇ ಜೋಡಿಸಿಕೊಳ್ಳುತ್ತದೆ, ಬೀಳುವುದಿಲ್ಲ. ಗೊಂಬೆಗೆ ಕವಚ ತೊಡಿಸುವ ಮುನ್ನ ಸೇವ್ ಮಾಡಿ. ಪೀಠ ಬಿಟ್ಟು ಇಳಿದು ಮನೆಯೊಳಗೆ ನಿಂತಿರುವ ಗೊಂಬೆಗಳು ಈ ಆಟದ ಹಳೆಯ ದೋಷ. ನಡುರಾತ್ರಿ ದೀಪ ಆರಿಸಿ ಆಡುವವರಿಗೆ ಅದು ಗುಂಡಿಗೆಯ ಪರೀಕ್ಷೆ. ಕಂಪ್ಯೂಟರಿನವರು ಮಾಡ್ (ಆಟಗಾರರೇ ಬರೆದ ಹೆಚ್ಚುವರಿ ತಂತ್ರಾಂಶ) ಹಾಕಿಕೊಳ್ಳಲು ಹಿಂಜರಿಯದಿದ್ದರೆ ಜ್ಯಾಕ್ಸನ್ಜ್ ಪೊಸಿಷನರ್ ಎಂಬುದು ವಸ್ತುಗಳನ್ನು ಬೇಕಾದ ಕೋನಕ್ಕೆ ತಿರುಗಿಸಿ ನಿಲ್ಲಿಸುತ್ತದೆ. ಅಲಂಕಾರದ ಬಾಬತ್ತುಗಳನ್ನೆಲ್ಲ ಕೊಂಡು ಮುಗಿಸುವವರೆಗೆ ಬಿಡಿ ಸಾಮಾನನ್ನು ನೆಲದ ಮೇಲೆ ಹರಡಬೇಡಿ. ಹೊಸ ಮಂಚವೋ ಕಪಾಟೋ ಅದೇ ಜಾಗಕ್ಕೆ ಬಂದು ಕೂರಬಹುದು.

ಹಾಸಿಗೆಯ ಲೆಕ್ಕವನ್ನೂ ಮರೆಯಬೇಡಿ. ಸ್ವಂತ ಹಾಸಿಗೆಯಲ್ಲಿ ಮಲಗಿ ಎದ್ದರೆ ಎಂಟು ಗಂಟೆಗಳ ಕಾಲ ಕೌಶಲಗಳು ಶೇ. 10ರಷ್ಟು ಬೇಗ ಬೆಳೆಯುತ್ತವೆ, ಸಂಗಾತಿ ಇರುವ ಮನೆಯಲ್ಲಿ ಮಲಗಿದರೆ ಶೇ. 15. ಸಂಗಾತಿ ಮನೆಯಲ್ಲೇ ಅಂಗಡಿ ಇಟ್ಟು ದಿನಕ್ಕೆ 100 ಚಿನ್ನದಂತೆ ನಿಮ್ಮ ಪಾಲು ಎತ್ತಿಡುತ್ತಾರೆ, ಕೇಳಿ ಪಡೆಯಬೇಕು. ಊರ ಹೊರಗಿನ ಮನೆಗೆ ಅಂಗಡಿಯಿಲ್ಲ ಎಂದೆನಲ್ಲ, ಆ ಕೊರತೆ ಮದುವೆಯಾದವರಿಗೆ ಅರ್ಧ ನೀಗುತ್ತದೆ.

ಹಣವೇ ಬೇಡದ ಮನೆ ಇದೆಯೇ ಎಂದು ಕೇಳುವವರಿಗೆ: ಇದೆ, ಡ್ರ್ಯಾಗನ್‌ಬಾರ್ನ್ ಎಂಬ ಹೆಚ್ಚುವರಿ ಭಾಗದ ಸೆವೆರಿನ್ ಮ್ಯಾನರ್. ರೇವನ್ ರಾಕ್ ಊರಿನ ಒಂದು ಪಿತೂರಿಯನ್ನು ಬಯಲಿಗೆಳೆದರೆ ಬಹುಮಾನವಾಗಿ ಕೊಡುತ್ತಾರೆ. ಕುಲುಮೆ, ಅದಿರಿನ ಒಲೆ, ಸಾಣೆಕಲ್ಲು, ಎರಡೂ ಮೇಜುಗಳು ಒಂದೇ ಸೂರಿನಡಿ. ಒಳಾಲಂಕಾರಕ್ಕೂ ಕಾಸು ಬೇಡ. ಬಾಗಿಲು ದಾಟುವ ಲೆಕ್ಕದಲ್ಲಿ ಇದನ್ನು ಮೀರಿಸುವ ಮನೆ ಮೇಲಿನ ಪಟ್ಟಿಯಲ್ಲಿ ಇಲ್ಲ. ಆದರೆ ಅದು ಇರುವುದು ಸಾಲ್ಸ್‌ಥೈಮ್ ದ್ವೀಪದಲ್ಲಿ, ವಿಂಡ್‌ಹೆಲ್ಮ್ ಬಂದರಿನಿಂದ ಹಡಗು ಹತ್ತಿ ಹೋಗಬೇಕು, ದತ್ತು ಮಕ್ಕಳನ್ನು ಅಲ್ಲಿಗೆ ಕರೆತರುವಂತಿಲ್ಲ. ದ್ವೀಪದ ಕೆಲಸಗಳು ಮುಗಿಯುವವರೆಗೆ ಅಲ್ಲೇ ಬಿಡಾರ ಹೂಡಿ, ಮುಗಿದ ಮೇಲೆ ಸಾಮಾನೆಲ್ಲ ಹಡಗಿಗೆ ಹೇರಿಕೊಂಡು ವೈಟ್‌ರನ್‌ಗೆ ಬನ್ನಿ.